ಹುಳಿ: ಒಂದು ನಿಂಬೆ

ಮತ್ರಾದ ಮೀನುಪೇಟೆಯಲ್ಲಿ ಬೆಳಗಿನ ಆರಕ್ಕೇ
ಬೆವರು ಬೆನ್ನಿಗಿಳಿಯುತ್ತದೆ.
ಬಂಗುಡೆಯ ಕಿವಿರೆತ್ತಿ ನೋಡುವ ನನ್ನನ್ನು ಕಂಡು
ಖಮೀಸ್ ತನ್ನ ಮುರುಕು ಹಿಂದಿಯಲ್ಲಿ ನಗುತ್ತಾನೆ:
"ಹತ್ತೊಂಬತ್ತು ವರ್ಷ ಆಯ್ತು, ಇನ್ನೂ ನಂಬಿಕೆ ಇಲ್ಲವಾ?"
ಇಲ್ಲ ಮಾರಾಯ. ಮೀನನ್ನು ನಂಬಿದರೂ
ಮಾರುವವನನ್ನು ನಂಬಬಾರದೆಂದು
ಗಂಗೊಳ್ಳಿಯಲ್ಲೇ ಕಲಿತಿದ್ದೆ.
ಅಡುಗೆ ಮಾತ್ರ ಅಲ್ಲಿ ಕಲಿಯಲಿಲ್ಲ.

ನಾನು ಗೇರುಬೀಜದ ಕಾರ್ಖಾನೆಯವಳು.
ಸಿಪ್ಪೆ ಸುಲಿದು ಸುಲಿದು ಬೆರಳ ತುದಿ ಕಪ್ಪು.
ಒಲೆ ಅಕ್ಕನದು, ಪಾತ್ರೆ ತಂಗಿಯದು,
ನನ್ನದು ಬಡಿಸಿದ್ದನ್ನು ಉಣ್ಣುವ ಕೆಲಸ.
ಮದುವೆಯಾಗಿ, ವಿಮಾನ ಹತ್ತಿ,
ಬಂದರಿನ ಕ್ರೇನಿನವನ ಎರಡು ಕೋಣೆಯ ಮನೆಗೆ ಬಂದಾಗ
ಸೂಟ್‌ಕೇಸಿನಲ್ಲಿ ಎರಡು ಕಿಲೋ ಬ್ಯಾಡಗಿ ಮೆಣಸು,
ತಲೆಯಲ್ಲಿ ಏನೂ ಇರಲಿಲ್ಲ.

ಮೊದಲ ಶುಕ್ರವಾರ.
ರಾತ್ರಿಪಾಳಿ ಮುಗಿಸಿ ಬಂದವರು ಆರು ಬಂಗುಡೆ ಕೈಗಿತ್ತು
"ಅಮ್ಮನ ಹಾಗೆ ಮಾಡು" ಎಂದು ಮಲಗಿಬಿಟ್ಟರು.
ಕೆಳಗಿನ ಅಂಗಡಿಯಲ್ಲಿ ಒಂದು ರಿಯಾಲಿನ ಕಾರ್ಡು ಕೊಂಡು, ಗೀಚಿ,
ಫೋನು ಹಚ್ಚಿದೆ ಬಾಬಿ ಅತ್ತೆಗೆ.

ಅತ್ತೆ ಶುರುಮಾಡಿದ್ದು ಮೀನಿನಿಂದಲ್ಲ, ಪಕ್ಕದ ಮನೆಯ ಎಮ್ಮೆಯಿಂದ.
ಎಮ್ಮೆಯಿಂದ ನಾದಿನಿಯ ಹಲ್ಲುನೋವಿಗೆ ಬಂದು
ಆಮೇಲೆ ಮೆಣಸು: "ಒಂದ್ ಇಪ್ಪತ್ತ್. ಹುರಿಕ್, ಕಪ್ಪ್ ಆಪ್ಕಾಗ."
ಕೊತ್ತಂಬರಿ. ಮೆಂತೆ ಏಳು ಕಾಳು, ಎಂಟಾದರೆ ಕಹಿ.
ಅರ್ಧ ಕಾಯಿ, ನುಣ್ಣಗೆ,
ಬೆರಳಿಗೆ ಬೆಣ್ಣೆ ಹತ್ತಿದ ಹಾಗೆ.
ಹಾಲಿನ ಡಬ್ಬದ ರಟ್ಟಿನ ಮೇಲೆ ನಾನು ಬರೆಯುತ್ತಲೇ ಇದ್ದೆ.
"ಮತ್ತೆ ಹುಳಿ, ಒಂದ್ ನಿಂಬೆ..."
ಕಾರ್ಡು ಖಾಲಿ.
ಕುಂಯ್ಯೆಂದಿತು ಇಡೀ ಅರಬ್ಬೀ ಸಮುದ್ರ.

ಮನೆಯಲ್ಲಿ ನಿಂಬೆ ಇರಲಿಲ್ಲ.
ಎದುರುಬಾಗಿಲ ಜುವೈನಾಳಿಗೆ ಕೈಸನ್ನೆಯಲ್ಲೇ ಕೇಳಿದೆ:
ಗುಂಡಗೆ ಇರ್ತದೆ, ಹೀಗೆ ಹಿಂಡುವುದು, ಮುಖ ಹೀಗಾಗ್ತದೆ.
ಒಳಗಿನಿಂದ ತಂದು ಅಂಗೈಯಲ್ಲಿಟ್ಟಳು
ಕರ್ರಗೆ ಒಣಗಿದ, ಹಕ್ಕಿಯಷ್ಟು ಹಗುರದ ಒಂದು ಕಾಯಿ.
ಲೂಮಿ, ಅಂದಳು.
ಅಲುಗಿಸಿದರೆ ಒಳಗೆ ಬೀಜ ಗಲಗಲ.
ಬಣ್ಣ ನನ್ನ ಬೆರಳ ತುದಿಯದೇ.
ಚುಚ್ಚಿ, ಕುದಿಯುವ ಸಾರಿಗೆ ಹಾಕಿದೆ.

ಮಧ್ಯಾಹ್ನ ಎದ್ದು ಉಂಡರು. ಮಾತಿಲ್ಲ.
ಮತ್ತೊಮ್ಮೆ ಬಡಿಸಿಕೊಂಡರು. ಆಗಲೂ ಇಲ್ಲ.
ಕೈತೊಳೆದು ಬಂದು, "ಅಮ್ಮನ ಹಾಗಿಲ್ಲ" ಅಂದರು.
"ಬರೋ ಶುಕ್ರವಾರ ಹೀಗೇ ಮಾಡು."

ಆಮೇಲೆ ಎಷ್ಟು ಶುಕ್ರವಾರ!
ಚಂಡಮಾರುತ ಬಂದ ವರ್ಷ ಮೂರು ದಿನ ಕರೆಂಟಿಲ್ಲ, ಮಿಕ್ಸಿಯಿಲ್ಲ,
ಗಾಜಿನ ಬಾಟಲಿಯಲ್ಲಿ ಉರುಳಿಸಿ ಉರುಳಿಸಿ ಮಸಾಲೆ ಅರೆದು
ಕರಗುತ್ತಿದ್ದ ಮೀನೆಲ್ಲ ಒಂದೇ ಪಾತ್ರೆಗೆ.
ಮಹಡಿಗೆ ಮಹಡಿಯೇ ಉಂಡಿತು ಮೇಣದಬತ್ತಿಯ ಬೆಳಕಿನಲ್ಲಿ:
ಜುವೈನಾಳ ನಾಲ್ಕು ಮಕ್ಕಳು, ಮೇಲಿನ ಮನೆಯ ಮಲಯಾಳಿ ನರ್ಸು,
ನನ್ನ ಕಂಕುಳಲ್ಲಿ ಪೂರ್ವಿ,
ಎಲ್ಲರೂ ಖಾರಕ್ಕೆ ಮೂಗೊರೆಸುತ್ತ.

ಹೋದ ವರ್ಷದ ರಜೆಯಲ್ಲಿ
ನನ್ನ ಚೀಲದಿಂದುರುಳಿದ ಕರಿಕಾಯಿ ಕಂಡು ಅತ್ತೆ:
"ಇದ್ ಎಂತ ಹೆಣೆ, ಇಲಿ ತಿಂದ್ ಬಿಟ್ಟದ್ದಾ?"
ಹೇಳಿದೆ. ರಟ್ಟು, ಕಾರ್ಡು, ನಿಂಬೆ, ಎಲ್ಲ.
ಅತ್ತೆ ನಕ್ಕರು, ಕೆಮ್ಮಿದರು, ಸೆರಗಿನಿಂದ ಕಣ್ಣೊರೆಸಿ ಮತ್ತೆ ನಕ್ಕರು.
"ನಿಂಬೆ ಗಾತ್ರದ್ ಹುಣ್ಸೆಹುಳಿ ಅಂದದ್ದ್ ಮಾರಾಯ್ತಿ!"

ಆ ದಿನ ಸರಿಯಾಗಿ ಮಾಡಿದೆ.
ಹಳೆಯ ಹುಣಸೆ, ನಿಂಬೆ ಗಾತ್ರ, ಒಂದು ಗುಂಜಿ ಹೆಚ್ಚಿಲ್ಲ.
ಪೂರ್ವಿ ಒಂದು ತುತ್ತಿಗೇ ತಟ್ಟೆ ಸರಿಸಿದಳು:
"ಇದು ಮನೆ ಸಾರಲ್ಲ."
ಯಾವ ಮನೆ ಎಂದು ಅತ್ತೆ ಕೇಳಲಿಲ್ಲ.
ಹೊರಡುವ ಹಿಂದಿನ ರಾತ್ರಿ ಮಾತ್ರ ಕಂಡೆ,
ಉಪ್ಪಿನ ಮರಿಗೆಯ ಹಿಂದೆ
ಯಾರೋ ಅಡಗಿಸಿಟ್ಟ ಎರಡು ಲೂಮಿ.

ಇವತ್ತು ಶನಿವಾರ. ನಿನ್ನೆಯ ಸಾರು ಬಿಸಿಗಿಟ್ಟಿದ್ದೇನೆ.
ಮೀನು ಮುಗಿದಿದೆ; ಮಸಾಲೆ ದಪ್ಪಗಾಗಿ ತಳ ಹಿಡಿದಿದೆ.
ಮರುದಿನವೇ ಅದಕ್ಕೆ ರುಚಿ.
ನಡುವೆ ಲೂಮಿ, ಉಬ್ಬಿ, ಮೆತ್ತಗೆ,
ಎರಡು ದಿನದ ಖಾರವನ್ನೆಲ್ಲ ಕುಡಿದು ಕೂತಿದೆ.
ಅದು ಯಾರ ತಟ್ಟೆಗೆಂದು ಈ ಮನೆಯಲ್ಲಿ ಜಗಳ ಇದ್ದದ್ದೇ.
ಇವರ ಪಾಳಿ ಮುಗಿಯುವುದು ಎರಡಕ್ಕೆ,
ಅವಳಿಗಿನ್ನೂ ನಿದ್ದೆ.
ಈಗ ನಾನೇ ತಿಂದುಬಿಟ್ಟರೆ
ಯಾರಿಗೆ ತಾನೆ ಗೊತ್ತಾಗುತ್ತದೆ?